ತುಂಬಿದ ಬ್ಯಾಟರಿ ವಿಮಾನ ಹತ್ತುವುದಿಲ್ಲ

ನಮ್ಮ ಮನೆಯಿಂದ ಯಾವ ಸಾಮಾನೂ ಖಾಲಿ ಹೊರಗೆ ಹೋಗುವುದಿಲ್ಲ. ಪಲ್ಯ ಬಂದ ಬಟ್ಟಲು ವಾಪಸ್ಸು ಕೊಡುವಾಗ ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಅತ್ತೆ ಹಾಗೆ ಮಾಡುತ್ತಿದ್ದಳು, ನಾನೂ ಮಾಡಿದೆ. ಆದರೆ ಬ್ಯಾಟರಿಗೆ ಈ ಪದ್ಧತಿ ನಡೆಯುವುದಿಲ್ಲ ಎಂದು ವಾಡಿಯ ಕೊರಿಯರ್ ಅಂಗಡಿಯಲ್ಲಿ ಗೊತ್ತಾಯಿತು.

ನಾನು ಶಹಾಬಾದಿನವಳು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಂಚು ತಿಕ್ಕುತ್ತಲೇ ತಲೆ ಬೆಳ್ಳಗಾಯಿತು. ಓದು ಬರಹ ಅಷ್ಟಕ್ಕಷ್ಟೇ. ಬಸ್ಸಿನ ಬೋರ್ಡು ಓದುತ್ತೇನೆ, ಸಹಿ ಮಾಡುತ್ತೇನೆ, ಇಷ್ಟು ಬರೆಯುವುದಕ್ಕೂ ಬೆರಳು ನೋಯುತ್ತದೆ. ಮಗಳಿಗೂ ತಿಕ್ಕುವ ಕೆಲಸವನ್ನೇ ಕಲಿಸಿದೆ. ಅವಳು ಒಬ್ಬ ಮೇಸ್ತ್ರಿಯ ಗುಂಪಿನ ಜೊತೆ ಅಂಡಮಾನಿಗೆ ಹೋಗಿದ್ದಳು. ಅಲ್ಲಿ ಹೊಸ ಶಾಲೆಯೊಂದಕ್ಕೆ ನಮ್ಮ ಕಲ್ಲು ಹಾಸುವುದಿತ್ತು. ಕಲ್ಲು ಹಡಗಿನಲ್ಲಿ ಹೋಯಿತು, ಅವಳು ವಿಮಾನದಲ್ಲಿ ಹೋದಳು. ಕಲ್ಲಿಗಿಂತ ಅವಳೇ ಹಗುರ.

ಒಂದು ದಿನ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಅವಳ ಫೋನು ಬಂತು.

"ಯವ್ವಾ, ನನ್ನ ತಿಕ್ಕೋ ಮಷೀನ್ ಉಪ್ಪುನೀರಾಗ ಬಿದ್ದು ಸತ್ತದ. ಮೆಟ್ಟಿಲದ ಅಂಚು ಹಂಗೇ ಉಳದಾವ. ಮುಂದಿನ ವಾರ ಸಾಲಿ ಉದ್ಘಾಟನೆ. ಅದರೊಳಗ ಮುಗೀಲಿಲ್ಲಂದ್ರ ಮೇಸ್ತ್ರಿ ಬ್ಯಾರೆಯವ್ರಿಗೆ ಕೊಡ್ತಾನಂತ."

"ಕೊಡ್ಲಿ ಬಿಡು."

"ಕೊಡ್ಲಿ ಅಂದ್ರ ಹ್ಯಾಂಗಬೇ? ನನ್ನ ಒಬ್ಬಾಕಿ ಕೈಯಾಗ ಕೊಟ್ಟ ಮೊದಲನೇ ಕೆಲಸ ಇದು. ಮನ್ಯಾಗ ನಿನ್ನ ಬ್ಯಾಟರಿ ಮಷೀನ್ ಅದಲ್ಲ, ಅದನ್ನ ಕಳಸು. ಚಾರ್ಜರ್ ನನ್ನ ಕಡೆ ಅದ. ವಿಮಾನದಾಗ ಕಳಸು ಮತ್ತ. ಹಡಗಿನಾಗ ಕಳಿಸಿದ್ರ ಅದು ಬರೋದ್ರಾಗ ಸಾಲಿ ಹುಡುಗ್ರು ಪಾಸಾಗಿ ಹೋಗಿರ್ತಾರ."

ಅಲ್ಲಿ ಕರೆಂಟು ಗಳಿಗೆಗೊಮ್ಮೆ ಹೋಗುತ್ತದಂತೆ. ಬ್ಯಾಟರಿಯ ಮಷೀನಿಲ್ಲದೆ ಆಗುವ ಕೆಲಸವಲ್ಲ. ನಾನು ಮಷೀನು ಒರೆಸಿದೆ. ಅದರ ಎರಡೂ ಬ್ಯಾಟರಿಗಳನ್ನು ಚಾರ್ಜಿಗೆ ಹಾಕಿ, ನಾಲ್ಕೂ ದೀಪ ಹತ್ತುವ ತನಕ ತುಂಬಿಸಿದೆ. ಖಾಲಿ ಕಳಿಸಬಾರದಲ್ಲ. ಮಷೀನು ಅಲುಗಾಡದಿರಲಿ ಎಂದು ಪಕ್ಕದಲ್ಲಿ ಮಗಳಿಗೆ ರೊಟ್ಟಿಯ ಜೊತೆ ತಿನ್ನಲು ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಸ್ಟೀಲ್ ಡಬ್ಬಿ ತುರುಕಿದೆ. ಪಕ್ಕದ ಮನೆಯ ಗೆಳತಿ ಹಳೆಯ ಧೋತರ ತಂದು ಗಂಟನ್ನು ಸುತ್ತಲೂ ಹೊಲಿದಳು. ನಾವು ಪಾರ್ಸೆಲ್ ಕಳಿಸುತ್ತಿದ್ದದ್ದೇ ಹಾಗೆ.

ಶಹಾಬಾದಿನಲ್ಲಿ ಬ್ಯಾಟರಿ ಎಂಬ ಮಾತು ಕೇಳಿದ ಕೂಡಲೇ ಕೊರಿಯರಿನವರು ಕೈ ಎತ್ತಿದರು. ವಾಡಿಯಲ್ಲಿ ಒಬ್ಬರು ಕಾಗದ ಸರಿ ಇದ್ದರೆ ತೆಗೆದುಕೊಳ್ಳುತ್ತಾರೆ ಎಂದು ಕೇಳಿ ಅಲ್ಲಿಗೆ ಹೊರಟೆ. ಗೆಳತಿಗೆ ವಾಡಿಯಲ್ಲಿ ಯಾವ ಕೆಲಸವೂ ಇರಲಿಲ್ಲ, ಅದಕ್ಕೇ ಬಂದಳು.

ಅಂಗಡಿಯಲ್ಲಿ ಕೂತವಳು ಚಿಂಚೋಳಿ ಕಡೆಯ ಹುಡುಗಿ. ಗಂಟು ನೋಡಿದಳು, ನನ್ನನ್ನು ನೋಡಿದಳು.

"ಆಯೀ, ಇದ್ರಾಗ ಏನದ ರೀ? ಕೂಸು ಸುತ್ತಿದಂಗ ಸುತ್ತೀರಿ."

"ಕಲ್ಲು ತಿಕ್ಕೋ ಮಷೀನ್. ಮತ್ತ ಬ್ಯಾಟರಿ. ಮತ್ತ ಹಿಂಡಿ."

ಕತ್ತರಿ ತೆಗೆದು ಗೆಳತಿಯ ಹೊಲಿಗೆಯನ್ನೆಲ್ಲ ಕರಕರ ಕತ್ತರಿಸಿದಳು. ಗೆಳತಿಯ ಮುಖ ಹಾಗಲಕಾಯಿ ತಿಂದ ಹಾಗಾಯಿತು. ಸ್ಟೀಲ್ ಡಬ್ಬಿ ಬ್ಯಾಟರಿಗೆ ಅಂಟಿ ಕೂತಿದ್ದು ಕಂಡು ಹುಡುಗಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಬ್ಯಾಟರಿಯ ತುದಿಗೆ ಕಬ್ಬಿಣ ತಾಗಿದರೆ ಕಿಡಿ ಏಳುತ್ತದೆ, ಒಮ್ಮೆ ಕಾದರೆ ತಾನೇ ಉರಿಯುತ್ತದೆ, ನೀರಿಗೂ ಬೇಗ ಬಗ್ಗುವುದಿಲ್ಲ ಎಂದಳು.

"ನೆಲದ ಮ್ಯಾಲ ಬೆಂಕಿ ಹತ್ತಿದ್ರ ಓಡಬಹುದು ಆಯೀ. ಮ್ಯಾಲ ಮುಗಲಾಗ ಎಲ್ಲಿಗಿ ಓಡ್ತಾರ?"

ಮಾತು ಸರಿ ಇತ್ತು. ನಾನು ಸ್ಟೂಲ್ ಎಳೆದುಕೊಂಡು ಕೂತೆ.

ಮೊದಲು ಬೇಕಾದದ್ದು ಬ್ಯಾಟರಿ ಮಾಡಿದ ಕಂಪನಿಯ ಪರೀಕ್ಷೆಯ ಕಾಗದ. ಕುಲುಕಿ, ಕಾಯಿಸಿ, ಒತ್ತಿ ನೋಡಿದ್ದೇವೆ, ಏನೂ ಆಗಿಲ್ಲ ಎಂದು ಅವರು ಬರೆದುಕೊಡುತ್ತಾರಂತೆ. ಮೂವತ್ತೆಂಟು ಪಾಯಿಂಟ್ ಮೂರು ಎಂದು ಅದಕ್ಕೊಂದು ನಂಬರು.

"ಅದ್ಯಾವ ಪ್ಲಾಟ್‌ಫಾರ್ಮಿಗಿ ಬರ್ತದವ್ವ?" ಎಂದೆ. ವಾಡಿಯಂಥ ರೈಲ್ವೆ ಜಂಕ್ಷನ್ನಿನಲ್ಲಿ ಕೂತು ನಂಬರು ಕೇಳಿದರೆ ರೈಲೇ ನೆನಪಾಗುತ್ತದೆ. ಹುಡುಗಿ ನಗುತ್ತ ಮಷೀನು ಮಾರಿದ ಅಂಗಡಿಗೆ ಫೋನು ಹಚ್ಚಿ ಆ ಕಾಗದವನ್ನು ಮೊಬೈಲಿಗೇ ತರಿಸಿಕೊಂಡಳು. ಬ್ಯಾಟರಿಯ ಬೆನ್ನ ಮೇಲೆ ಅದರ ಶಕ್ತಿ ಎಷ್ಟು ವ್ಯಾಟ್-ಅವರ್ ಎಂದು ಬರೆದದ್ದನ್ನು ಓದಿ, ನೂರರೊಳಗಿದೆ, ನಡೆಯುತ್ತದೆ ಎಂದಳು.

ಆಮೇಲೆ ಕಳಿಸುವವರ ಹೇಳಿಕೆ. ಒಳಗೆ ಏನಿದೆ, ಎಷ್ಟಿದೆ ಎಂದು ನಾನು ಸಹಿ ಮಾಡಬೇಕು. ಅವಳು ಓದುತ್ತ ಹೋದಳು, ನಾನು ಹೂಂ ಎನ್ನುತ್ತ ಹೋದೆ.

"ಬ್ಯಾಟರಿ ಎಲ್ಲ್ಯರ ಬಿದ್ದದ್ದು, ಒಡದದ್ದು, ಉಬ್ಬಿದ್ದು ಅದೇನ್ರಿ?"

"ಏನಿಲ್ಲವ್ವ, ಹೊಸದಿದ್ದಂಗ ಅದಾವ," ಎಂದು ಗೆಳತಿಯೇ ಉತ್ತರ ಕೊಟ್ಟಳು.

"ಒಂದು ಬಿದ್ದದ. ಕಟ್ಟಿ ಮ್ಯಾಲಿಂದ. ಮೂಲಿ ಸೀಳೇದ," ಎಂದೆ ನಾನು.

ಗೆಳತಿ ನನ್ನ ತೊಡೆ ಚಿವುಟಿದಳು. "ನಿನ್ನ ಬಾಯಿಗಿ ಬೀಗ ಇಲ್ಲೇನ? ಟೇಪ್ ಹಚ್ಚೀದಿ, ಯಾರಿಗಿ ಕಾಣ್ತದ?"

"ಸಹಿ ನಿಂದೋ ನಂದೋ? ಆ ವಿಮಾನದಾಗ ಯಾರ ಮಗಳು ಇರ್ತಾಳೋ ಯಾರಿಗಿ ಗೊತ್ತು?"

ಒಡೆದ ಬ್ಯಾಟರಿ ವಿಮಾನಕ್ಕೆ ಸುತರಾಂ ಆಗದು ಎಂದು ಹುಡುಗಿ ಅದನ್ನು ಪಕ್ಕಕ್ಕೆ ಇಟ್ಟಳು. ಒಂದೇ ಉಳಿಯಿತು. ಅದರ ಗುಂಡಿ ಒತ್ತಿ ನೋಡಿದಳು. ನಾಲ್ಕೂ ದೀಪ ಹತ್ತಿದವು. ನನಗೆ ಹೆಮ್ಮೆ. ಅವಳು ತಲೆಯ ಮೇಲೆ ಕೈ ಹೊತ್ತಳು.

"ಇಷ್ಟು ತುಂಬಿದ್ದು ಹೋಗಂಗಿಲ್ರಿ ಆಯೀ. ಮೂವತ್ತು ಪರ್ಸೆಂಟಿನ ಒಳಗ ಇರಬೇಕು. ತುಂಬಿದಷ್ಟೂ ಉರಿ ಜಾಸ್ತಿ. ಒಂದೇ ದೀಪ ಹತ್ತಬೇಕು."

"ಚೆಲ್ಲಲಿಕ್ಕ ಅದೇನು ಮಜ್ಜಿಗಿಯೇನ?"

"ಮನಿಗಿ ಹೋಗಿ ಖರ್ಚು ಮಾಡಿ ನಾಳಿಗಿ ತರ್ರಿ."

ನಾಳೆ ತಂದರೆ ಆಗುವುದಿಲ್ಲ. ಹೈದರಾಬಾದಿನ ವಿಮಾನಕ್ಕೆ ಸಾಮಾನು ಒಯ್ಯುವ ಗಾಡಿ ಸಂಜೆ ಹೊರಡುತ್ತದೆ. ಅದು ತಪ್ಪಿದರೆ ಮುಂದಿನದು ಉದ್ಘಾಟನೆ ಮುಗಿದ ಮೇಲೆಯೇ ತಲುಪುವುದು ಎಂದು ಅವಳೇ ಹೇಳಿದಳು. ನಾನು ಎದ್ದು ಅಂಗಡಿಯ ಮುಂದಿನ ಮೆಟ್ಟಿಲು ನೋಡಿದೆ. ನಮ್ಮೂರ ಕಲ್ಲೇ. ಯಾರೋ ಅರೆಬರೆ ಕೂರಿಸಿ ಹೋಗಿದ್ದರು, ಅಂಚು ಗರಗಸದ ಹಲ್ಲಿನಂತಿತ್ತು.

ಸೀರೆ ಮೇಲೆ ಕಟ್ಟಿದೆ, ಸೆರಗನ್ನು ಮೂಗಿಗೆ ಸುತ್ತಿದೆ, ಮಷೀನಿಗೆ ಬ್ಯಾಟರಿ ಹಾಕಿ ಕೂತೆ. ಗುರ್ ಅಂದಿತು. ಬಿಳಿ ಧೂಳು ಎದ್ದಿತು. ಪಕ್ಕದ ಚಹಾದ ಅಂಗಡಿಯವನು ಪಾತ್ರೆಗೆ ಮುಚ್ಚಳ ಹಾಕಿ ಬೈಯಲಿಕ್ಕೆ ಬಂದ. ಕಲ್ಲು ಹೊಳೆಯಲಿಕ್ಕೆ ಹತ್ತಿದ್ದು ಕಂಡು ದನಿ ಬದಲಾಯಿಸಿದ.

"ಆಯೀ, ನಮ್ಮ ಕಟ್ಟಿಗೂ ಒಂದ್ ಕೈ ಹಾಕ್ರಿ. ಚಹಾ ಫುಕ್ಕಟ್."

"ಫುಕ್ಕಟ್ ಚಹಾದಾಗ ಬರೇ ನೀರು ಇರ್ತದ. ಮೊದಲ ಕುಡಸು, ಆಮ್ಯಾಲ ನೋಡೋಣ."

ಹುಡುಗಿ ಬಾಗಿಲಲ್ಲಿ ನಿಂತು ಬ್ಯಾಟರಿಯಲ್ಲಿ ಉಳಿದ ದೀಪ ಎಣಿಸಿ ಹೇಳುತ್ತಿದ್ದಳು. ಮೂರಾದವು. ಚಹಾ ಬಂತು, ಚೆನ್ನಾಗಿಯೇ ಇತ್ತು. ಅವನ ಕಟ್ಟೆಯ ಅಂಚಿಗೆ ಕೈ ಹಾಕಿ ಮುಗಿಸಿದೆ, ಎರಡಾದವು. ಮತ್ತೆ ಕೊರಿಯರ್ ಅಂಗಡಿಯ ಮೇಲಿನ ಮೆಟ್ಟಿಲಿಗೆ ಬಂದೆ. ಗೆಳತಿ ಹೋಗುವವರಿಗೆಲ್ಲ ಕತೆ ಹೇಳುತ್ತಿದ್ದಳು, ಹೊಲಿಗೆ ಕತ್ತರಿಸಿದ್ದನ್ನೂ ಸೇರಿಸಿ.

"ಒಂದು! ನಿಂದ್ರಸ್ರಿ!" ಎಂದು ಹುಡುಗಿ ಕೂಗಿದಳು.

ಮೆಟ್ಟಿಲು ಅರ್ಧವಾಗಿತ್ತು. ಅರ್ಧ ಕನ್ನಡಿ, ಅರ್ಧ ಎಮ್ಮೆಯ ಬೆನ್ನು. ಕೆಲಸ ಅರ್ಧಕ್ಕೆ ಬಿಟ್ಟು ಏಳುವುದು ನನ್ನ ಜಾಯಮಾನವಲ್ಲ, ಆದರೂ ಎದ್ದೆ.

ಬ್ಯಾಟರಿ ತಣ್ಣಗಾಗಲು ಬಿಟ್ಟು, ಒರೆಸಿ, ಅದರ ತುದಿಗೆ ಟೇಪು ಹಚ್ಚಿದಳು. ಮಷೀನು ದಾರಿಯಲ್ಲಿ ತಾನೇ ತಿರುಗದಂತೆ ಗುಂಡಿಗೆ ಕೊಂಡಿ ಹಾಕಿದಳು. ಧೋತರ ನಡೆಯಲಿಲ್ಲ, ಗಟ್ಟಿ ರಟ್ಟಿನ ಡಬ್ಬ ಬಂತು, ಅದರ ಮೇಲೆ ಕೆಂಪು ಗೆರೆಗಳ ಅಂಚಿನ ಚೀಟಿ, ಚೀಟಿಯಲ್ಲಿ ಉರಿಯುವ ಬ್ಯಾಟರಿಯ ಚಿತ್ರ. ಓದಲು ಬಾರದವರಿಗೂ ತಿಳಿಯುವಂಥದ್ದು, ನನಗೆ ಹಿಡಿಸಿತು. ಸಹಿ ಮಾಡಿದೆ. ಹಿಂಡಿಯ ಡಬ್ಬಿಗೆ ಬ್ಯಾಟರಿಯ ಜೊತೆ ಜಾಗವಿಲ್ಲ ಎಂದಳು, ಅವಳಿಗೇ ಕೊಟ್ಟು ಬಂದೆ.

ಉದ್ಘಾಟನೆಯ ಹಿಂದಿನ ದಿನ ಮಗಳು ಫೋಟೋ ಕಳಿಸಿದಳು. ಶಾಲೆಯ ಮೆಟ್ಟಿಲುಗಳು, ಕೊನೆಯದರ ಮೇಲೆ ಅವಳು ಬರಿಗಾಲಿನಲ್ಲಿ ನಿಂತಿದ್ದಾಳೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿ ಫೋನು ಮಾಡಿದೆ.

"ಎಡಕಿನ ಮೂಲಿಗಿ ಇನ್ನೊಂದು ಕೈ ಬೇಕಾಗಿತ್ತು."

"ಗೊತ್ತಿತ್ತಬೇ ನೀ ಇದನ್ನೇ ಅಂತಿ ಅಂತ. ಮೇಸ್ತ್ರಿ ಮುಂದಿನ ದವಾಖಾನಿ ಕೆಲಸಾನೂ ನಂಗೇ ಕೊಟ್ಟಾನ. ಅದಿರ್ಲಿ, ಬರೇ ಮಷೀನ್ ಕಳಿಸೀದಿ, ಹಿಂಡಿ ಎಲ್ಲಿ?"

ಹಿಂಡಿಯನ್ನು ಚಿಂಚೋಳಿಯ ಹುಡುಗಿ ತಿಂದು ಮುಗಿಸಿದ್ದಳು. ಅದೇ ವಾರ ಅವಳು ಡಬ್ಬಿ ವಾಪಸ್ಸು ಕಳಿಸಿದಳು, ತುಂಬ ತೊಗರಿಬೇಳೆ ಹಾಕಿ. ಉಳಿದರ್ಧ ಮೆಟ್ಟಿಲು ಯಾವಾಗ ಎಂದು ಕೇಳಿದ್ದಾಳೆ. ಮಷೀನು ಬರಲಿ ಎಂದಿದ್ದೇನೆ.