ಗೋಪಪ್ಪನ ಕೊಂಕಣಿ, ಸಾವಂತ್ರೆವ್ವನ ಕೊಂಕಣಿ

ಗೋವಾದ ಕುಂಡಯಿಯ ಕಾರ್ಖಾನೆಗಳ ಹಿಂದಿನ ತಗಡಿನ ಮನೆಗಳ ಸಾಲಿನಲ್ಲಿ ಗೋಪಪ್ಪ ಮೇಸ್ತ್ರಿಯನ್ನು ದೊಡ್ಡ ಮನುಷ್ಯ ಎಂದುಕೊಂಡಿದ್ದರು. ಹಾಗೆ ಅಂದುಕೊಂಡವರು ನಮ್ಮ ಜನವೇ. ಘಟ್ಟ ಇಳಿಯುವಾಗ ಬುತ್ತಿಯ ಜೊತೆ ಬೆನ್ನು ಬಗ್ಗಿಸುವ ಚಟವನ್ನೂ ಕಟ್ಟಿಕೊಂಡು ಬಂದವರು. ಅವನ ದೊಡ್ಡಸ್ತಿಕೆಯ ಬಂಡವಾಳವೆಂದರೆ ಐವತ್ತೋ ಅರವತ್ತೋ ಕೊಂಕಣಿ ಶಬ್ದ. ಅಷ್ಟರಲ್ಲೇ ಪಂಚಾಯತಿ, ಪೊಲೀಸು, ಸರಕಾರಿ ಆಸ್ಪತ್ರೆ ಎಲ್ಲ ಕಡೆ ಎದೆಯುಬ್ಬಿಸಿ ಮುಂದೆ ನಿಲ್ಲುತ್ತಿದ್ದ. ಅವನು ಆಡಿದ್ದು ಸರಿಯೋ ತಪ್ಪೋ ನೋಡುವವರೇ ಇರಲಿಲ್ಲ. ಯಾರ ಮನೆಯಲ್ಲಿ ಕೋಳಿ ಕೊಯ್ದರೂ ಒಂದು ತೊಡೆ ಅವನಿಗೆ ಹೋಗುತ್ತಿತ್ತು.

ಸಾವಂತ್ರೆವ್ವನೂ ಮೊದಮೊದಲು ಅವನೆದುರು ತಲೆತುಂಬ ಸೆರಗು ಹೊದ್ದು ನಿಂತವಳೇ. ಎಂಬತ್ಮೂರನೆಯ ಇಸವಿಯಲ್ಲಿ ಗಂಡನ ಜೊತೆ ಬಾದಾಮಿ ಕಡೆಯಿಂದ ಬಂದು, ಡಬ್ಬಿಯ ಮುಚ್ಚಳ ಒತ್ತುವ ಕಾರ್ಖಾನೆಯಲ್ಲಿ ಮುಚ್ಚಳ ಜೋಡಿಸಿ ಕಟ್ಟುವ ಕೆಲಸಕ್ಕೆ ಸೇರಿದ್ದಳು. ಆ ಕೆಲಸ ಕೊಡಿಸಿದವನೂ ಗೋಪಪ್ಪನೇ. ಅದನ್ನು ಅವನು ಕಂಡಕಂಡಾಗ ನೆನಪಿಸುತ್ತಿದ್ದ.

ಎರಡು ವರ್ಷಕ್ಕೆ ಪಕ್ಕದ ಮನೆಯ ಸತ್ಯವ್ವನಿಗೆ ಮೂರು ತಿಂಗಳ ಬಸಿರು ಜಾರಿ ರಕ್ತ ನಿಲ್ಲದಾಯಿತು. ಸಾವಂತ್ರೆವ್ವ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು. ಮಾತಿಗೆ ಗೋಪಪ್ಪ ಬಂದ. ಸತ್ಯವ್ವ ಗಂಡಸಿನ ಮುಂದೆ ಬಾಯಿ ಬಿಡಲಿಲ್ಲ. ಸಾವಂತ್ರೆವ್ವನೇ ನಾಚಿಕೆ ನುಂಗಿ ಅವನ ಕಿವಿಯಲ್ಲಿ ಎಲ್ಲ ಹೇಳಿದಳು. ಆ ಮಹಾಶಯನಿಗೆ ಹೆಂಗಸರ ವಿಷಯ ಬಾಯಲ್ಲಿ ಆಡುವುದು ಮರ್ಯಾದೆಗೆ ಕಡಿಮೆ. "ಪೋಟ ದುಖ್ತಾ," ಹೊಟ್ಟೆ ನೋವು ಎಂದಷ್ಟೇ ಡಾಕ್ಟರರಿಗೆ ಹೇಳಿ ಮೀಸೆ ತಿರುವಿಕೊಂಡ. ನಾಲ್ಕು ಬಿಳಿ ಗುಳಿಗೆ ಹಿಡಿದು ಮನೆಗೆ ಬಂದ ಸತ್ಯವ್ವ ಸಂಜೆಗೆ ಪ್ರಜ್ಞೆ ತಪ್ಪಿ ಬಿದ್ದಳು. ಜೀವ ಉಳಿಯಿತು, ಗರ್ಭಕೋಶ ಹೋಯಿತು.

"ಎಲ್ಲಾ ಅಕಿ ಹಣೇಬರ," ಎಂದ ಗೋಪಪ್ಪ.

ಸಾವಂತ್ರೆವ್ವನಿಗೆ ಅವನ ಮೇಲೆ ಹೇಸಿಗೆ ಹುಟ್ಟಿತು. ಅದಕ್ಕಿಂತ ಹೆಚ್ಚು ಹೇಸಿಗೆ ತನ್ನ ಮೇಲೆಯೇ. ಇಂಥವನ ನಾಲಿಗೆಯ ಮೇಲೆ ಒಂದು ಹೆಣ್ಣುಜೀವವನ್ನು ಇಟ್ಟು ಬಂದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಸತ್ಯವ್ವ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದ ಹನ್ನೆರಡು ದಿನವೂ ಸಾವಂತ್ರೆವ್ವ ವಾರ್ಡಿನ ಆಯಾಳ ಬೆನ್ನು ಬಿಡಲಿಲ್ಲ. ಅವಳ ಬಕೆಟ್ಟು ಹೊತ್ತಳು, ನೆಲ ಒರೆಸಿದಳು, ಕೊಳೆ ಬಟ್ಟೆ ಹಿಂಡಿದಳು. ಹಿಂಡುತ್ತಲೇ ಇದಕ್ಕೇನನ್ನುತ್ತೀರಿ, ಅದಕ್ಕೇನನ್ನುತ್ತೀರಿ ಎಂದು ಪೀಡಿಸಿದಳು. ಆಯಾ ಘಟ್ಟದವರನ್ನೆಲ್ಲ ಮೂಗು ಮುರಿದು "ಘಾಂಟಿ" ಎಂದು ಕರೆಯುವವಳು. ಕರೆಯಲಿ, ಕಲಿಸಿದರೆ ಸಾಕು ಎಂದುಕೊಂಡಳು ಸಾವಂತ್ರೆವ್ವ. ಊರಿನವರೆಲ್ಲ ಪರಭಾಷೆಯಲ್ಲಿ ಮೊದಲು ಅನ್ನ, ನೀರು ಕಲಿತರೆ ಇವಳು ಮೊದಲು ಕಲಿತದ್ದು "ರಗತ", ರಕ್ತ.

ಸತ್ಯವ್ವ ಮನೆಗೆ ಬಂದ ಮೇಲೂ ಸಾವಂತ್ರೆವ್ವನ ಆಸ್ಪತ್ರೆ ತಿರುಗಾಟ ನಿಲ್ಲಲಿಲ್ಲ. ಅವಳದು ಮಧ್ಯಾಹ್ನದ ಪಾಳಿ. ವಾರಕ್ಕೆ ಮೂರು ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಚೀಟಿ ಮಾಡಿಸುವ ಕಿಟಕಿಯ ಪಕ್ಕ ನಿಲ್ಲುತ್ತಿದ್ದಳು. ಮಾತು ತಿಳಿಯದೆ ಮಿಕಿಮಿಕಿ ನೋಡುವ ಕನ್ನಡದವರು ಕಂಡರೆ ಒಳಗೆ ಕರೆದೊಯ್ಯುವಳು. ಯಾರಿಂದಲೂ ಒಂದು ಕಪ್ ಚಹಾ ಕುಡಿದವಳಲ್ಲ. ಸಾಲಿನವರಿಗೆ ಇದು ದೊಡ್ಡ ತಮಾಷೆಯಾಯಿತು. ಪುಕ್ಕಟೆ ದುಡಿಯುವವಳಿಗೆ ತಲೆ ಕೆಟ್ಟಿದೆಯೆಂದರು. ನಗುತ್ತಿದ್ದವರೇ ಮಗುವಿಗೆ ಜ್ವರ ಬಂದಾಗ ಅವಳ ಬಾಗಿಲು ಬಡಿದರು.

"ಏನವಾ, ಎರಡು ಮಾತು ಕಲ್ತು ಡಾಕ್ಟರ್ ಆದ್ಯೇನ?" ಎಂದು ಗೋಪಪ್ಪ ಒಮ್ಮೆ ನಾಲ್ಕು ಜನರೆದುರು ಕೇಳಿದ.

"ಇಲ್ರಿ. ಮಂದಿ ಹೇಳಿದ್ದನ್ನ ಹೇಳ್ತೇನಿ, ಅಷ್ಟ," ಎಂದಳು.

ಅದೇ ಅವಳ ನೇಮವಾಗಿತ್ತು. ರೋಗಿ ಹೇಳಿದ್ದರಲ್ಲಿ ಒಂದು ಮಾತು ಕೂಡಿಸುವುದಿಲ್ಲ, ಕಳೆಯುವುದಿಲ್ಲ, ತನ್ನದನ್ನು ಸೇರಿಸುವುದಂತೂ ಇಲ್ಲವೇ ಇಲ್ಲ. ಎಂಟು ವರ್ಷ ಹಾಗೆಯೇ ನಡೆಸಿದಳು. ಅಷ್ಟರಲ್ಲಿ ಅವಳ ಬೆನ್ನು ನೆಟ್ಟಗಾಗಿತ್ತು, ಆಯಾ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಗೋಪಪ್ಪನ ಕೊಂಕಣಿ ಮಾತ್ರ ಅರವತ್ತನ್ನು ದಾಟಿರಲಿಲ್ಲ.

ತೊಂಬತ್ಮೂರರ ಒಂದು ಮಧ್ಯಾಹ್ನ, ಬಂದು ಮೂರು ತಿಂಗಳಾಗಿದ್ದ ಲಕ್ಷ್ಮಪ್ಪನ ಬಲಗೈಯ ಎರಡು ಬೆರಳು ಮುಚ್ಚಳ ಒತ್ತುವ ಮಷೀನಿನಲ್ಲಿ ಜಜ್ಜಿಹೋದವು. ಎದುರಿನ ಮೇಜಿನಲ್ಲಿದ್ದ ಸಾವಂತ್ರೆವ್ವ ಕಣ್ಣಾರೆ ಕಂಡಳು. ಅವನ ಕೈಗೆ ಬಟ್ಟೆ ಸುತ್ತಿ ಹಿಡಿದುಕೊಂಡೇ ಟೆಂಪೋ ಹತ್ತಿದಳು. ಗೋಪಪ್ಪ ದಾರಿಯುದ್ದಕ್ಕೂ ಹುಡುಗನಿಗೆ ಪಾಠ ಹೇಳಿದ.

"ಮನ್ಯಾಗ ಕೈಮ್ಯಾಲ ಕಲ್ಲು ಬಿತ್ತು ಅನ್ನು. ಮಷೀನ್ ಅಂದ್ಯೋ, ನಾಳೆ ಊರಿನ ಬಸ್ ಹತ್ತಬೇಕಾಕ್ಕೈತಿ."

ಆಸ್ಪತ್ರೆಯ ಕಾಗದದಲ್ಲಿ ಮನೆಯೆಂದು ಬಿದ್ದರೆ ಮಾಲೀಕನಿಗೆ ಲಕ್ಷ್ಮಪ್ಪನ ಬೆರಳಿಗೆ ಪರಿಹಾರ ಕೊಡುವ ಹಂಗೇ ಇಲ್ಲ. ಅದಕ್ಕೇ ಮೇಸ್ತ್ರಿಗೆ ಇಷ್ಟು ಅಕ್ಕರೆ.

ಡಾಕ್ಟರರಿಗೆ ಅವಳ ಪರಿಚಯವಿತ್ತು. "ಸಾವಂತ್ರಿ, ಕಿತೆಂ ಜಾಲೆಂ?" ಏನಾಯಿತೆಂದು ಕೇಳಿ ಪೆನ್ನು ಹಿಡಿದರು. ಅವಳು ಲಕ್ಷ್ಮಪ್ಪನನ್ನು ಕೇಳಿದಳು.

"ಅಕ್ಕಾ, ಮನ್ಯಾಗ ಕಲ್ಲು ಬಿತ್ತು ಅಂತ ಹೇಳ್ರಿ. ನಿಮ್ಮ ಕಾಲಿಗೆ ಬೀಳ್ತೇನಿ."

ಗೋಪಪ್ಪ ಗೋಡೆಗೆ ಒರಗಿ ಹಲ್ಲು ಕಿರಿದ. ಹುಡುಗನ ಮಾತು ಬದಲಿಸಿದರೆ ತನಗೂ ಈ ಹೇಸಿಗೆಯವನಿಗೂ ಏನು ವ್ಯತ್ಯಾಸವೆಂದು ಅವಳಿಗೆ ಅನ್ನಿಸಿತು. ಬದಲಿಸದಿದ್ದರೆ ಹುಡುಗ ಕೆಟ್ಟ.

"ಮನೆಯಲ್ಲಿ ಕಲ್ಲು ಬಿತ್ತಂತೆ," ಎಂದು ಅವಳು ಕೊಂಕಣಿಯಲ್ಲಿ ಹೇಳಿದಳು. ಡಾಕ್ಟರರ ಪೆನ್ನು ಕಾಗದಕ್ಕೆ ತಾಗುವ ಮುನ್ನವೇ ಮುಂದುವರಿಸಿದಳು. "ಅದು ಅವನ ಮಾತು. ಇದು ನನ್ನದು. ನಾನು ಎದುರಿಗೇ ಇದ್ದೆ. ಬೆರಳು ಜಜ್ಜಿದ್ದು ಕಾರ್ಖಾನೆಯ ಮಷೀನು. ಕಲ್ಲಿನ ಮಾತು ಈ ಮೇಸ್ತ್ರಿ ಟೆಂಪೋದಲ್ಲಿ ಹೇಳಿಕೊಟ್ಟದ್ದು. ನನ್ನ ಹೆಸರು ಬರೆದುಕೊಳ್ಳಿ."

ಎಂಟು ವರ್ಷದಲ್ಲಿ ಆ ಭಾಷೆಯಲ್ಲಿ ಅವಳು ತನ್ನ ಮಾತೆಂದು ಆಡಿದ್ದು ಅದೇ ಮೊದಲು. ಲಕ್ಷ್ಮಪ್ಪನಿಗೆ ಒಂದಕ್ಷರವೂ ತಿಳಿಯಲಿಲ್ಲ. ಗೋಪಪ್ಪನಿಗೆ ಮಷೀನು, ಮೇಸ್ತ್ರಿ ಎಂಬುದಷ್ಟೇ ತಿಳಿಯಿತು. ಅವನು ಅವಳ ಕಿವಿಯ ಹತ್ತಿರ ಬಂದು ಹಲ್ಲು ಕಡಿಯುತ್ತ ಕನ್ನಡದಲ್ಲಿ ಅಂದ.

"ಹಲ್ಕಟ್ ಹೆಂಗಸ, ನಾಳೆ ಗೇಟಿನ ಕಡೆ ಬಂದ್ರ ಕಾಲು ಮುರಿಸ್ತೇನಿ. ಖೋಲಿನೂ ಖಾಲಿ ಮಾಡು."

ಅವನೇನು ಹೇಳಿದನೆಂದು ಡಾಕ್ಟರರು ಕೇಳಿದರು.

ಸಾವಂತ್ರೆವ್ವ ನೇಮ ಬಿಡಲಿಲ್ಲ. ಹಲ್ಕಟ್ಟಿನಿಂದ ಖೋಲಿಯವರೆಗೆ ಒಂದು ಮಾತೂ ಕಳೆಯದೆ, ಕೂಡಿಸದೆ, ನಿಧಾನವಾಗಿ ಕೊಂಕಣಿಯಲ್ಲಿ ಒಪ್ಪಿಸಿದಳು. ಡಾಕ್ಟರರು ಅದನ್ನೂ ಬರೆದುಕೊಂಡರು.