ಸ್ಕ್ಯಾನಿಂಗ್ ಯಂತ್ರದಲ್ಲಿ ನಿದ್ದೆ ಹೋದ ಅಮ್ಮ

ನನ್ನ ಕೆಲಸ ಏನೆಂದು ದೊಡ್ಡಬಳ್ಳಾಪುರದಲ್ಲಿ ಯಾರಾದರೂ ಕೇಳಿದರೆ ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಉತ್ತರ ಕೊಟ್ಟುಬಿಡುತ್ತಿದ್ದಳು. "ತಲೆ ಒಳಗಿನ ಫೋಟೋ ನೋಡ್ತಾಳೆ." ತಪ್ಪೇನಲ್ಲ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ವಯಸ್ಸಾದವರ ಮಿದುಳಿನ ಎಂಆರ್‌ಐ ಚಿತ್ರಗಳನ್ನು ಕಂಪ್ಯೂಟರಿಗೆ ಊಡಿಸಿ, ಮಿದುಳಿಗೆ ಮುಪ್ಪು ಹೇಗೆ ಬರುತ್ತದೆ, ಮರೆವಿನ ಕಾಯಿಲೆ ಎಲ್ಲಿಂದ ಶುರುವಾಗುತ್ತದೆ ಎಂದು ಲೆಕ್ಕದ ಮಾದರಿ ಕಟ್ಟುವುದು ನನ್ನ ಕೆಲಸ. ಇದನ್ನೆಲ್ಲ ಬಿಡಿಸಿ ಹೇಳಿದರೆ ಕೇಳಿದವರು ತಾಳ್ಮೆಯಿಂದ ತಲೆಯಾಡಿಸಿ, "ಹಂಗಾದ್ರೆ ನಮ್ ತಲೆನೋವಿಗೆ ಒಂದ್ ಮಾತ್ರೆ ಹೇಳಮ್ಮ" ಅನ್ನುತ್ತಾರೆ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಅದಕ್ಕೇ ಅಮ್ಮನ ಉತ್ತರವನ್ನೇ ಒಪ್ಪಿಕೊಂಡೆ.

ನಾವು ಮೂಲದಲ್ಲಿ ನೇಕಾರರಲ್ಲ, ರಾಜಘಟ್ಟದ ಕಡೆಯ ಒಕ್ಕಲು ಮನೆತನ. ಅಪ್ಪ ಹೊಲವನ್ನು ತಮ್ಮಂದಿರಿಗೆ ಬಿಟ್ಟು ಪೇಟೆಗೆ ಬಂದು ಪವರ್‌ಲೂಮ್ ಮಗ್ಗ ಹಾಕಿದ್ದರು. ಮುಂದಿನ ಹಜಾರದಲ್ಲಿ ಮಗ್ಗ, ಹಿಂದೆ ಅಡುಗೆಮನೆ, ನಡುವೆ ಒಂದೇ ಗೋಡೆ. ಆ ಸದ್ದಿನಲ್ಲೇ ಅಮ್ಮ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದಳು, ಮುದ್ದೆ ತೊಳಸಿದಳು, ನನ್ನನ್ನು ಬೆಳೆಸಿದಳು. ಅಪ್ಪ ತೀರಿಕೊಂಡ ಮೇಲೆ ಮಗ್ಗಗಳನ್ನು ಮಾರಿದೆವು. ಈಗ ಆ ಹಜಾರದಲ್ಲಿ ನನ್ನ ಕಂಪ್ಯೂಟರ್ ಮೇಜು ಇದೆ.

ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ನಲ್ಲೂರಿನ ಹತ್ತಿರ ಇದ್ದಳು. ಕೊನೆಯ ವರ್ಷಗಳಲ್ಲಿ ಅವಳಿಗೆ ಮರೆವಿನ ಕಾಯಿಲೆ ಬಂತು. ಮೊದಮೊದಲು ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು. ಆಮೇಲೆ ಮಕ್ಕಳ ಹೆಸರು ಹೋಯಿತು. ಕೊನೆಗೆ ಅಮ್ಮನನ್ನೇ ಎದುರು ಕೂರಿಸಿಕೊಂಡು "ಯಾವೂರಮ್ಮ ನಿಂದು?" ಎಂದು ಕೇಳಿದಳು. ದೊಡ್ಡಮ್ಮ ಹೋದ ಮೇಲೆ ಅಮ್ಮನಿಗೆ ಅದೇ ಹೆದರಿಕೆ ಹಿಡಿಯಿತು. ಕೀಲಿಕೈ ಎಲ್ಲಿಟ್ಟೆ ಎಂದು ಮರೆತರೂ ಸಾಕು, ಮುಖ ಬಿಳಿಚಿಕೊಳ್ಳುತ್ತಿತ್ತು.

ನಮ್ಮ ಅಧ್ಯಯನಕ್ಕೆ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ವಯಸ್ಸಾದವರನ್ನೇ ಕರೆದುಕೊಂಡು ಬರುತ್ತಿದ್ದೆವು. ಅಮ್ಮ ಅದನ್ನು ಕೇಳಿಸಿಕೊಂಡು ಒಂದು ದಿನ ತರಾಟೆಗೆ ತೆಗೆದುಕೊಂಡಳು.

"ಊರೋರ ತಲೆ ಎಲ್ಲಾ ನೋಡ್ತೀಯ, ಹೆತ್ತೋಳ ತಲೆ ನೋಡಕ್ಕಾಗಲ್ವಾ? ನಂಗೂ ಅಕ್ಕನ ಥರ ಆಗುತ್ತಾ ಅಂತ ನಿನ್ ಮಿಷನ್ನಲ್ಲಿ ನೋಡ್ಬಿಡು. ಒಂದ್ ಸಲ ಗೊತ್ತಾಗ್ಬಿಡ್ಲಿ."

ನಮ್ಮ ವಿಭಾಗದ ಹಿರಿಯರು ಒಪ್ಪಿದರು. ಚಿತ್ರ ನೋಡಿ ಏನು ಹೇಳಬೇಕೋ ಅದನ್ನು ಡಾಕ್ಟರು ಹೇಳುತ್ತಾರೆ. ಕಂಪ್ಯೂಟರ್ ಮಾದರಿಯ ಲೆಕ್ಕವನ್ನು ಯಾರಿಗೂ ಹೇಳುವಂತಿಲ್ಲ, ಒಬ್ಬರ ಹಣೆಬರಹ ಹೇಳುವಷ್ಟು ಅದು ಬಲಿತಿಲ್ಲ ಎಂದರು. ನನಗೂ ಗೊತ್ತಿದ್ದ ಮಾತೇ.

ಯಂತ್ರದೊಳಗೆ ಲೋಹ ಕೂಡದು, ಸ್ಕ್ಯಾನಿಂಗ್ ದಿನ ಮೂಗುತಿ ಬಿಚ್ಚುವುದೇ ದೊಡ್ಡ ಸಾಹಸವಾಯಿತು. ಕೊಬ್ಬರಿ ಎಣ್ಣೆ ಸವರಿ ಸವರಿ ಕೊನೆಗೂ ತಿರುಪು ಬಿಟ್ಟುಕೊಂಡಿತು. ಯಂತ್ರ ನಡೆಸುವ ಹುಡುಗ ಅಮ್ಮನನ್ನು ಒಳಗೆ ಮಲಗಿಸಿ, "ಎದುರಿಗೆ ಒಂದ್ ಪ್ಲಸ್ ಗುರುತು ಕಾಣ್ಸುತ್ತಮ್ಮ. ಅದನ್ನೇ ನೋಡ್ತಾ ಸುಮ್ನೆ ಮಲ್ಗಿರಿ. ಕಣ್ ಮುಚ್ಬೇಡಿ, ನಿದ್ದೆ ಮಾಡ್ಬೇಡಿ" ಎಂದ. ಏನೂ ಮಾಡದೆ ಎಚ್ಚರವಾಗಿ ಮಲಗಿರುವಾಗ ಮಿದುಳಿನ ಯಾವ ಭಾಗ ಯಾವ ಭಾಗದ ಜೊತೆ ಮಿಡಿಯುತ್ತದೆ ಎಂಬುದೇ ನಮಗೆ ಬೇಕಾಗಿರುವುದು. ಯಂತ್ರದ ಗದ್ದಲಕ್ಕೆ ಎಷ್ಟೋ ಜನ ಹೆದರಿ ಎದ್ದು ಬಂದಿದ್ದಾರೆ. ಅಮ್ಮ ಮಾತ್ರ ಅಲುಗಾಡಲಿಲ್ಲ. ಗದ್ದಲ ನಿಂತಾಗಲೆಲ್ಲ ಹುಡುಗ ಮೈಕಿನಲ್ಲಿ "ಎಚ್ಚರ ಇದೀರಾಮ್ಮ?" ಎಂದು ಕೇಳುತ್ತಿದ್ದ. "ಎದ್ದೇ ಇದೀನಿ ಕಣಪ್ಪಾ" ಎಂದು ಥಟ್ಟನೆ ಉತ್ತರ ಬರುತ್ತಿತ್ತು. ನನಗೆ ಹೆಮ್ಮೆಯೋ ಹೆಮ್ಮೆ.

ಚಿತ್ರಗಳು ನನ್ನ ಹತ್ತಿರ ಬರುವಾಗ ಹೆಸರು ಇರುವುದಿಲ್ಲ, ನಂಬರ್ ಮಾತ್ರ. ಇಟ್ಟುಕೊಳ್ಳುವ ಮೊದಲು ಮುಖವನ್ನೂ ಕಂಪ್ಯೂಟರಿನಲ್ಲಿ ಅಳಿಸುತ್ತೇವೆ, ಯಾರಿಗೂ ಗುರುತು ಸಿಗಬಾರದು ಎಂದು. ಆ ವಾರ ಒಂದು ಚಿತ್ರ ತೆರೆದೆ. ಪಕ್ಕದಿಂದ ಕಾಣುವ ತಲೆ, ಹಣೆಯ ಕೆಳಗೆ ಸ್ವಲ್ಪ ಮೊಂಡಾದ ಮೂಗು, ಬಿಗಿದ ತುಟಿ. ಅಮ್ಮ ಯಾರ ಮೇಲೋ ಸಿಟ್ಟು ಮಾಡಿಕೊಂಡು ಕೂತಾಗ ಹೀಗೇ ಕಾಣುವುದು. ಒಂದು ಗುಂಡಿ ಒತ್ತಿದೆ, ಮೂಗು ತುಟಿ ಎಲ್ಲ ಮಾಯವಾಯಿತು. ದಿನಾ ಮಾಡುವ ಕೆಲಸವೇ. ಆದರೂ ಆ ಖಾಲಿ ಜಾಗವನ್ನು ಇನ್ನೊಮ್ಮೆ ನೋಡಿದೆ.

ಮರುದಿನ ಮಾದರಿಯ ಲೆಕ್ಕ ಬಂತು. ಒಟ್ಟಿಗೆ ಮಿಡಿಯಬೇಕಾದ ಭಾಗಗಳು ಅಮ್ಮನಲ್ಲಿ ಅಡ್ಡಾದಿಡ್ಡಿಯಾಗಿದ್ದವು. ಕಂಪ್ಯೂಟರ್ ಅವಳನ್ನು ತೆಗೆದುಕೊಂಡು ಹೋಗಿ ಮರೆವಿನ ಕಾಯಿಲೆಯವರ ಗುಂಪಿನ ಪಕ್ಕ ಇಟ್ಟಿತ್ತು. ಒಬ್ಬರ ಹಣೆಬರಹ ಇದರಿಂದ ಹೇಳಲಾಗದು ಎಂದು ಊರಿಗೆಲ್ಲ ಪಾಠ ಹೇಳುವವಳು ನಾನು. ಸ್ವಂತ ಅಮ್ಮನ ವಿಷಯ ಬಂದಾಗ ಆ ಪಾಠ ಒಂದೂ ಕೆಲಸಕ್ಕೆ ಬರಲಿಲ್ಲ.

ಮನೆಗೆ ಬಂದು ಅಮ್ಮನ ಮೇಲೆ ಕಣ್ಣಿಡಲು ಶುರುಮಾಡಿದೆ. ನಿನ್ನೆ ಏನು ಸಾರು ಮಾಡಿದ್ದೆ, ಮೊನ್ನೆ ಯಾರು ಬಂದಿದ್ದರು ಎಂದು ಸುಮ್ಮನೆ ಕೇಳುವವಳಂತೆ ಕೇಳುತ್ತಿದ್ದೆ. ಅವಳು ಎಲ್ಲದಕ್ಕೂ ಸರಿಯಾಗಿಯೇ ಹೇಳುತ್ತಿದ್ದಳು. ನನಗೆ ಸಮಾಧಾನವಾಗುತ್ತಿರಲಿಲ್ಲ, ಇನ್ನೊಂದು ಕೇಳುತ್ತಿದ್ದೆ.

ಭಾನುವಾರ ಬೆಳಗ್ಗೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ಅವಳಿಗೆ ರೇಗಿತು. "ಏನೇ ಇದು, ಪೊಲೀಸ್ನೋರ ಥರ? ಎದ್ರೆ ಕೂತ್ರೆ ಒಂದ್ ಪ್ರಶ್ನೆ. ನಿನ್ ಸಹವಾಸಕ್ಕಿಂತ ಆ ಮಿಷನ್ನೇ ವಾಸಿ. ಒಳಗ್ ಹೋದ್ರೆ ನೆಮ್ಮದಿಯಾಗ್ ನಿದ್ದೆನಾದ್ರೂ ಬಂತು."

ನನ್ನ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. "ನಿದ್ದೆ ಮಾಡಿದ್ಯಾ?"

"ಮಾಡ್ದೇ ಇನ್ನೇನು? ನಮ್ ಮಗ್ಗ ಓಡ್ದಂಗೇ ಇತ್ತು ಕಣೇ ಆ ಸದ್ದು. ನಿಮ್ಮಪ್ಪ ಹೋದ್ಮೇಲೆ ಅಂಥ ನಿದ್ದೆನೇ ಮಾಡಿರ್ಲಿಲ್ಲ."

"ಮತ್ತೆ ಎದ್ದೇ ಇದೀನಿ ಅಂತಿದ್ದೆ?"

"ಸದ್ದು ನಿಂತಾಗ ಎದ್ದೇ ಇದ್ನಲ್ಲ. ಮಗ್ಗ ನಿಂತ್ರೆ ಎಳೆ ಹರಿದಿದೆ ಅಂತ ತಾನೇ? ಎಚ್ಚರ ಆಗ್ದೆ ಇರುತ್ತಾ?"

ನಾನು ನಕ್ಕೆ, ನಗುನಗುತ್ತಲೇ ಕಣ್ಣಲ್ಲಿ ನೀರು ಬಂತು. ನಿದ್ದೆಯಲ್ಲಿ ಮಿದುಳಿನ ಮಿಡಿತವೇ ಬೇರೆ. ಅದನ್ನು ಎಚ್ಚರವೆಂದು ತಿಳಿದ ಮಾದರಿ ಕಾಯಿಲೆ ಎಂದು ಓದಿತ್ತು. ಸೋಮವಾರ ಹಿರಿಯರಿಗೆ ಹೇಳಿದರೆ ಅವರು ಮೊದಲು ನಕ್ಕರು, ಆಮೇಲೆ ತಲೆ ಕೆರೆದುಕೊಂಡರು. ದೊಡ್ಡಬಳ್ಳಾಪುರದಿಂದ ಬಂದ ಇನ್ನೆಷ್ಟು ಜನ ಹೀಗೆ ಮಲಗೆದ್ದು ಹೋಗಿದ್ದಾರೋ ಯಾರಿಗೆ ಗೊತ್ತು. ಹಳೆಯ ಚಿತ್ರಗಳನ್ನೆಲ್ಲ ಮತ್ತೆ ತೆಗೆದು ನೋಡುವ ಕೆಲಸ ನನ್ನ ತಲೆಗೇ ಬಿತ್ತು. ಯಂತ್ರದೊಳಗೆ ಮಲಗಿದವರ ಕಣ್ಣು ತೆರೆದಿದೆಯೋ ಎಂದು ನೋಡುವ ಒಂದು ಕ್ಯಾಮೆರಾ ಬಂತು.

ಅಮ್ಮನನ್ನು ಇನ್ನೊಮ್ಮೆ ಮಲಗಿಸಿದೆವು. ಈ ಸಲ ಕಣ್ಣು ಮುಚ್ಚಲಿಲ್ಲ. ಹೇಗೆ ತಡೆದುಕೊಂಡೆ ಎಂದರೆ, "ಈಗ್ ಎಳೆ ಹರಿಯುತ್ತೆ, ಈಗ್ ಹರಿಯುತ್ತೆ ಅಂತ ಕಾಯ್ತಾ ಇದ್ದೆ" ಅಂದಳು. ಏನೂ ಮಾಡದೆ ಇರುವುದು ಎಂದರೆ ಇದೂ ಅಲ್ಲ. ಆದರೆ ಅವಳ ಜೊತೆ ಯಾರು ವಾದ ಮಾಡುತ್ತಾರೆ? ಅಂಕಿಗಳು ಅವಳ ವಯಸ್ಸಿನ ಆರೋಗ್ಯವಂತರ ಸಾಲಿನಲ್ಲೇ ಬಂದವು. ಡಾಕ್ಟರೂ ಚಿತ್ರ ನೋಡಿ, ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿದೆ, ಗಾಬರಿಯಾಗುವಂಥದ್ದು ಏನೂ ಇಲ್ಲ ಎಂದು ಅವಳಿಗೇ ಹೇಳಿದರು.

ಸಂಜೆಯ ರೈಲಿನಲ್ಲಿ ಇಬ್ಬರೂ ಊರಿಗೆ ಹೊರಟೆವು. ಯಲಹಂಕ ದಾಟಿದ ಮೇಲೆ ಬೋಗಿ ಖಾಲಿಯಾಯಿತು.

"ಡಾಕ್ಟ್ರು ಹೇಳಿದ್ದಾಯ್ತು. ನೀನ್ ಹೇಳು," ಅಂದಳು. "ಮುಂದೆ ನಂಗೆ ಅಕ್ಕನ ಥರ ಆಗಲ್ಲ ತಾನೇ?"

ಸುಳ್ಳು ಹೇಳಿಬಿಡಬಹುದಿತ್ತು. ಬಾಯಿ ಬರಲಿಲ್ಲ. "ಇವತ್ತಿಗೆ ಚೆನ್ನಾಗಿದೆಯಮ್ಮ. ಮುಂದಿಂದು ಗೊತ್ತಾಗಲ್ಲ. ತಾಲ್ಲೂಕಿಗೆ ಮಳೆ ಬರುತ್ತೆ ಅಂತ ಹೇಳ್ಬೋದು, ನಮ್ಮನೆ ತಾರಸಿ ಮೇಲೆ ಯಾವತ್ತು ಬೀಳುತ್ತೆ ಅಂತ ಹೇಳಕ್ಕಾಗುತ್ತಾ? ಹಂಗೆ."

ಅವಳು ಕಿಟಕಿಯ ಕಡೆ ತಿರುಗಿದಳು. ಬೇಜಾರಾಯಿತೇನೋ ಅಂದುಕೊಂಡೆ. ಹೊರಗೆ ನೋಡುತ್ತಲೇ ಮೆಲ್ಲಗೆ ಹೇಳಿದಳು.

"ಮರೆಯೋದಕ್ಕೆ ನಾನ್ ಹೆದರಲ್ಲ ಕಣೇ. ಅಕ್ಕ ಕೇಳಿದ್ದನ್ನೇ ಕೇಳ್ತಿದ್ಲು. ಒಂದಿನ ನಾನು, ಎಷ್ಟ್ ಸಲ ಹೇಳ್ಬೇಕೇ ನಿಂಗೆ, ಆಗ್ಲೇ ಹೇಳಿದ್ನಲ್ಲ ಅಂತ ಬೈದ್ಬಿಟ್ಟೆ. ಆವತ್ತಿಂದ ನನ್ನ ಏನೂ ಕೇಳೋದೇ ಬಿಟ್ಬಿಟ್ಲು. ಗೊತ್ತಾಗ್ದೇ ಇದ್ರೂ ಸುಮ್ನೆ ನನ್ ಮುಖ ನೋಡ್ತಾ ಕೂತಿರೋಳು." ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಂಗೂ ನನ್ ಥರಾನೇ ಸಿಟ್ಟು ಜಾಸ್ತಿ. ಆಗ್ಲೇ ಹೇಳಿದ್ನಲ್ಲ ಅಂತ ಮಾತ್ರ ಅನ್ಬೇಡ ಕಣಮ್ಮ."

ನಾನು ಅವಳ ಕೈ ಹಿಡಿದುಕೊಂಡೆ.

ಇದಾಗಿ ಎಷ್ಟು ದಿನವಾಗಿತ್ತೋ, ಬಹಳವೇನಲ್ಲ. ಬೆಳಗ್ಗೆ ರೈಲಿಗೆ ತಡವಾಗಿ ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲ ಹತ್ತಿರ ನಿಂತಳು.

"ಅಲ್ಲ ಕಣೇ, ಸ್ಕ್ಯಾನಿಂಗ್ ಮಾಡಿದ್ರಲ್ಲ, ಅದೇನಾಯ್ತು? ಡಾಕ್ಟ್ರು ಏನಂದ್ರು?"

ನನಗೆ ಸಿಟ್ಟು ಬರುತ್ತದೋ ಎಂದು ಪರೀಕ್ಷೆ ಮಾಡುತ್ತಿದ್ದಾಳೇನೋ ಎಂದು ಮುಖ ನೋಡಿದೆ. ಹಾಗೇನೂ ಕಾಣಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಅವಳನ್ನು ಕುರ್ಚಿಯ ಮೇಲೆ ಕೂರಿಸಿದೆ.

"ಚೆನ್ನಾಗಿದೆ ಅಂದ್ರಮ್ಮ. ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿದೆ, ಗಾಬರಿ ಆಗೋ ಅಂಥದ್ದು ಏನೂ ಇಲ್ಲ ಅಂದ್ರು."

ಅವಳ ಮುಖ ಅರಳಿತು. "ಹೌದಾ? ಸದ್ಯ. ಮೊದ್ಲೇ ಹೇಳ್ಬಾರ್ದಾ? ಇಷ್ಟ್ ದಿನ ಹೆದರ್ಕೊಂಡೇ ಇದ್ನಲ್ಲೇ."

"ಮರೆತ್ಬಿಟ್ಟಿದ್ದೆ ಅಮ್ಮ," ಅಂದೆ.