ಗೇರಿನ ಯೋಗಕ್ಷೇಮ ಕೇಳುವ ಬುಷ್ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ಯಾರೇಜ್ ಬೀದಿಯಲ್ಲಿ ಒಂದೇ ಒಂದು ಶಟರ್ ಮೇಲೆದ್ದಿದೆ. ಒಳಗೆ ಮೂತಿ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಬಿಳಿ ಕಾರು, ಅದರ ನೆತ್ತಿಯ ಮೇಲೆ ಡ್ರೈವಿಂಗ್ ಶಾಲೆಯ ಬೋರ್ಡು. ಕಾರಿನಡಿಯಿಂದ ಹೆಂಗಸೊಬ್ಬರ ಕೈ ಹೊರಬಂದು ಬೆರಳಾಡಿಸುತ್ತದೆ. ಪಕ್ಕದ ಸ್ಟೂಲಿನ ಮೇಲೆ ಕೂತ ಅವರ ಗಂಡ ತಡಕಾಡಿ ಒಂದು ಸ್ಕ್ರೂಡ್ರೈವರ್ ಹುಡುಕಿ ಆ ಕೈಗಿಡುತ್ತಾರೆ.

"ಇದಲ್ಲ ರೀ, ಮೊಂಡು ತುದೀದು."

"ಬಾಯಿ ಬಿಟ್ಟು ಕೇಳಿದ್ರೆ ತಾನೆ ಗೊತ್ತಾಗೋದು, ಮೇಸ್ತ್ರಿ? ನಿಮ್ಮ ಬೆರಳಿನ ಭಾಷೆ ನಾನಿನ್ನೂ ಕಲಿತಿಲ್ಲ."

ಬಾಗಿಲ ಬಳಿ ಡ್ರೈವಿಂಗ್ ಶಾಲೆಯ ಮೇಷ್ಟ್ರು ನಿಂತಲ್ಲಿ ನಿಲ್ಲಲಾರದೆ ಗಡಿಯಾರ ನೋಡಿಕೊಳ್ಳುತ್ತಿದ್ದಾರೆ. ಇವತ್ತು ಇದೇ ಕಾರಿನಲ್ಲಿ ಅವರ ಮೂವರು ಶಿಷ್ಯರಿಗೆ ಲೈಸೆನ್ಸ್ ಪರೀಕ್ಷೆ. ಆ ಮೂವರಲ್ಲಿ ಒಬ್ಬರು ಈಗ ಕಾರಿನಡಿಯಲ್ಲೇ ಮಲಗಿದ್ದಾರೆ.

ಬೀದಿಯವರೆಲ್ಲ ಅವರನ್ನು ಕರೆಯುವುದು ಬುಷ್ ಅಕ್ಕ ಎಂದು. ವಯಸ್ಸು ಐವತ್ತು ದಾಟಿದೆ. ಗೇರ್ ಲಿವರಿನಿಂದ ಗೇರ್‌ಬಾಕ್ಸಿನವರೆಗೆ ಕಾರಿನ ಹೊಟ್ಟೆಯೊಳಗೆ ಕಡ್ಡಿಗಳ ಒಂದು ಸರಣಿ ಇರುತ್ತದೆ. ಕಡ್ಡಿಗೆ ಕಡ್ಡಿ ಸೇರುವ ಕೀಲಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜದಂತೆ ಕೂರಿಸಿದ ಸಣ್ಣ ಪ್ಲಾಸ್ಟಿಕ್ ಬಳೆಯೇ ಬುಷ್. ಅಂಗಿಯ ಗುಂಡಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಅದು ಸವೆದರೆ ಲಿವರು ಪಾತ್ರೆಯೊಳಗಿನ ಸೌಟಿನಂತೆ ಓಲಾಡುತ್ತದೆ. ಎರಡನೇ ಗೇರು ಹಾಕಿದೆನೆಂದುಕೊಂಡವರಿಗೆ ನಾಲ್ಕನೆಯದು ಸಿಗುತ್ತದೆ. ಸವೆದದ್ದನ್ನು ಕಿತ್ತು ಹೊಸದು ಕೂರಿಸುವುದು ಅಕ್ಕನ ಕಸುಬು. ದಿನಕ್ಕೆ ನಾಲ್ಕೈದು ಕಾರು. ಬೇರೆ ಗ್ಯಾರೇಜಿನವರೂ ಈ ಒಂದು ಕೆಲಸಕ್ಕೆ ಕಾರನ್ನು ಇಲ್ಲಿಗೇ ತಂದು ಬಿಡುತ್ತಾರೆ.

ಕೆಲಸ ಕಲಿಸಿದ್ದು ಗಂಡ. ಮದುವೆಯಾದ ಹೊಸತರಲ್ಲಿ ಮಧ್ಯಾಹ್ನದ ಊಟ ತಂದ ಅಕ್ಕ ಡಬ್ಬಿ ಖಾಲಿಯಾಗುವುದನ್ನೇ ಕಾಯುತ್ತಾ ಕೂತಿರುತ್ತಿದ್ದರು. ಒಂದು ದಿನ ಗಂಡನ ಮುಷ್ಟಿ ಎಂಜಿನ್ನಿನ ಹಿಂದಿನ ಸಂದಿಗೆ ಇಳಿಯದೆ ಅವರು ಬೈದುಕೊಳ್ಳುತ್ತಿದ್ದಾಗ, ಹೆಂಡತಿ ಬಳೆ ತೆಗೆದಿಟ್ಟು ಕೈ ಇಳಿಸಿದರು. ಕೀಲು ಹಿಡಿದಿಡುವ ಕ್ಲಿಪ್ ಹೊರಬಂತು. "ಅವತ್ತು ತೆಗೆದಿಟ್ಟ ಬಳೆ ಆ ಮೊಳೆಗೇ ನೇತಾಡ್ತಿದೆ ನೋಡಿ," ಎಂದು ಅಕ್ಕ ಗೋಡೆ ತೋರಿಸುತ್ತಾರೆ. "ಭಾನುವಾರ ಮಾತ್ರ ಮನೆಗೆ ಬರುತ್ತೆ."

ದಾರಿ ಸಲೀಸಾಗೇನೂ ಇರಲಿಲ್ಲ. ಬಿಸಿ ಸೈಲೆನ್ಸರ್ ಪೈಪು ತಾಗಿದ ಕಲೆ ಮುಂಗೈಯಲ್ಲಿ ಇವತ್ತಿಗೂ ಇದೆ. ಗಿರಾಕಿಗಳು ಅಕ್ಕನ ಎದುರೇ ನಿಂತು "ಮೆಕ್ಯಾನಿಕ್ ಇಲ್ವಾ?" ಎಂದು ಕೇಳುತ್ತಿದ್ದರು. "ಇದಾರೆ, ಈಗ ಕರೀತೀನಿ ಅಂತ ಒಳಗೆ ಹೋಗಿ, ಕೈ ಒರೆಸ್ಕೊಂಡು ನಾನೇ ವಾಪಸ್ ಬರ್ತಿದ್ದೆ," ಎಂದು ನಗುತ್ತಾರೆ.

ಕೆಲವು ವರ್ಷಗಳ ಹಿಂದೆ ಗಂಡನ ಕಣ್ಣಿನ ನರ ಸೊರಗಿತು. ಈಗ ಅವರಿಗೆ ಬೆಳಕು, ನೆರಳು ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ಗ್ಯಾರೇಜಿನಲ್ಲಿ ಒಂದು ಸ್ಟೀಲ್ ಲೋಟದ ಕತ್ತಿಗೆ ತಂತಿ ಸುತ್ತಿರುವುದು ಅದಕ್ಕೇ. ಬುಷ್ ಮೆತ್ತಗಾಗಲೆಂದು ಬಿಸಿನೀರಿಗೆ ಹಾಕಿಡುವ ಲೋಟ ಅದು. ತಂತಿ ಸುತ್ತುವ ಮೊದಲು ಒಮ್ಮೆ ಗಂಡ ಅದಕ್ಕೇ ಟೀ ಬಗ್ಗಿಸಿಕೊಂಡರು. "ಕುಡಿದು, ಇವತ್ತು ಟೀ ಚೆನ್ನಾಗಿದೆ ಅಂದ್ರು! ಕೊನೇ ಗುಟುಕಿಗೆ ಬುಷ್ ಬಾಯಿಗೆ ಬಂತು," ಎನ್ನುತ್ತಾರೆ ಅಕ್ಕ. "ಗ್ರೀಸ್ ಹಚ್ಚಿರ್ಲಿಲ್ಲ, ಪುಣ್ಯ," ಎಂದು ಗಂಡ ಸೇರಿಸುತ್ತಾರೆ.

ಕಣ್ಣು ಹೋದಾಗ ಇನ್ನೊಂದೂ ಹೋಯಿತು. ರಿಪೇರಿಯಾದ ಕಾರನ್ನು ರಸ್ತೆಯಲ್ಲಿ ಓಡಿಸಿ ನೋಡದೆ ಕೀ ಕೊಡಬಾರದೆಂಬುದು ಈ ಗ್ಯಾರೇಜಿನ ಕಟ್ಟುನಿಟ್ಟು. ಓಡಿಸುತ್ತಿದ್ದವರು ಗಂಡ, ಪಕ್ಕದ ಸೀಟಿನಲ್ಲಿ ಅಕ್ಕ. ಈಗ ಎದುರಿನ ಟೈರ್ ಅಂಗಡಿಯವನು ಬಿಡುವಾದಾಗ ಬಂದು ಓಡಿಸಬೇಕು. ಅವನು ಬರುವವರೆಗೆ ಮುಗಿದ ಕಾರುಗಳು ಸಾಲಾಗಿ ನಿಂತಿರುತ್ತವೆ. "ಅವ್ನು ಬೇಜಾರು ಮಾಡ್ಕೊಳ್ದೆ ಬರ್ತಾನೆ. ಆದ್ರೆ ಲಿವರ್ ಹೇಗಿದೆಯೋ ಅಂದ್ರೆ 'ಚೆನ್ನಾಗಿದೆ ಅಕ್ಕಾ' ಅಂತಾನೆ. ಅವ್ನಿಗೆ ಎಲ್ಲಾ ಕಾರೂ ಚೆನ್ನಾಗೇ ಇರುತ್ತೆ! ನಾನು ಮಾಡಿದ ಕೆಲಸ ಹೇಗಾಗಿದೆ ಅಂತ ಇನ್ನೊಬ್ಬರ ಕೈಯಿಂದ ತಿಳ್ಕೋಬೇಕು."

ಹಾಗಾಗಿಯೇ ಲೈಸೆನ್ಸ್. ಆದರೆ ಅಕ್ಕ ಎರಡು ಸಲ ಫೇಲಾಗಿದ್ದಾರೆ. ಎರಡೂ ಸಲ ತಪ್ಪು ಮಾಡಿದ್ದು ಕಸುಬಿನ ಕೈಯೇ.

ಇಷ್ಟು ವರ್ಷ ಲಿವರು ಮುಟ್ಟಿದ್ದೆಲ್ಲ ಅದರ ಸಡಿಲ ಅಳೆಯಲಿಕ್ಕೆ. ನ್ಯೂಟ್ರಲ್ಲಿಗೆ ತಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲುಗಿಸಿ, ಎಲ್ಲಿ ಸವೆದಿದೆಯೆಂದು ಅಂಗೈಯಿಂದ ಕೇಳುವುದು. ಮೊದಲ ಪರೀಕ್ಷೆಯಲ್ಲಿ ದಿಬ್ಬದ ಮೇಲೆ ಕಾರು ನಿಲ್ಲಿಸಿ ಮತ್ತೆ ಹೊರಡಬೇಕಾದಾಗ ಕೈ ತಾನಾಗಿ ಅದನ್ನೇ ಮಾಡಿತು. ಬ್ರೇಕಿನಿಂದ ಕಾಲು ಎದ್ದಿತ್ತು, ಮನಸ್ಸೆಲ್ಲ ಲಿವರಿನಲ್ಲಿತ್ತು. ಕಾರು ಹಿಂದಕ್ಕೆ ಜಾರಿತು. "ಅಮ್ಮಾ, ಗೇರ್ ಹಾಕಿ ಅಂದ್ರೆ ಅದರ ಯೋಗಕ್ಷೇಮ ವಿಚಾರಿಸ್ತಾ ಕೂತಿದೀರಲ್ಲ!" ಎಂದರು ಇನ್‌ಸ್ಪೆಕ್ಟರ್. ಎರಡನೇ ಸಲ ಇನ್ನೂ ಚೆಂದ. ಮೇಷ್ಟ್ರ ಇದೇ ಕಾರಿನ ಬುಷ್ ನಿಜವಾಗಿಯೂ ಸವೆದಿತ್ತು. ಅಕ್ಕ ಅರ್ಧ ದಾರಿಯಲ್ಲೇ ಕಾರು ನಿಲ್ಲಿಸಿ, "ಸಾರ್, ಇದರ ಬುಷ್ ಹೋಗಿದೆ" ಎಂದು ವರದಿ ಒಪ್ಪಿಸಿದರು. ಬುಷ್ ಜೊತೆ ಲೈಸೆನ್ಸೂ ಹೋಯಿತು.

ಮೇಷ್ಟ್ರು ಇಂದು, ನಾಳೆ ಎನ್ನುತ್ತಾ ರಿಪೇರಿ ಮುಂದೂಡುತ್ತಲೇ ಬಂದರು. ಕೊನೆಗೆ ಅಕ್ಕ ಮುನಿದರು. "ನನಗಾದ್ರೆ ಗೊತ್ತಾಗುತ್ತೆ ಮೇಷ್ಟ್ರೇ. ಹೊಸಬರಿಗೆ ಗೇರ್ ಸಡಿಲ ಅಂತ ಹೇಗೆ ಗೊತ್ತಾಗ್ಬೇಕು? ನನ್ನ ಕೈಯೇ ಸರಿಯಿಲ್ಲ ಅಂತ ಅಳ್ತಾ ಮನೆಗೆ ಹೋಗ್ತಾರೆ." ಅದಕ್ಕೇ ಪರೀಕ್ಷೆಯ ದಿನ ಬೆಳಿಗ್ಗೆ ಕಾರು ಇಲ್ಲಿದೆ.

ಈಗ ಕೊನೆಯ ಕೀಲು ಮುನಿಸಿಕೊಂಡಿದೆ. ಬಿಸಿನೀರಿನಿಂದ ತೆಗೆದ ಬುಷ್ಷಿಗೆ ಗ್ರೀಸ್ ಹಚ್ಚಿ ಅಕ್ಕ ಇಕ್ಕಳದಿಂದ ಒತ್ತುತ್ತಾರೆ. ಕೂತಂತೆ ಕಾಣುತ್ತದೆ. ಲಿವರು ಅಲುಗಿಸಿದರೆ ಸಣ್ಣಗೆ ಟಿಕ್ ಎನ್ನುತ್ತದೆ.

"ಸಾಕು ಬಿಡಕ್ಕ, ಹೊತ್ತಾಯ್ತು," ಎನ್ನುತ್ತಾರೆ ಮೇಷ್ಟ್ರು.

"ಮೇಷ್ಟ್ರೇ, ಟಿಕ್ ಅಂತಿದೆ."

"ನನಗೇನೂ ಕೇಳಿಸ್ಲಿಲ್ಲ."

"ನನಗೆ ಕೇಳಿಸ್ತು," ಎನ್ನುತ್ತಾರೆ ಸ್ಟೂಲಿನ ಮೇಲಿಂದ ಗಂಡ. "ಬಿಚ್ಚು."

ಬಿಚ್ಚಿದರೆ ಹಳೆಯ ಬುಷ್ಷಿನ ಉಗುರಿನಷ್ಟು ಚೂರು ಕೀಲಿನ ತಳದಲ್ಲಿ ಅಡಗಿದೆ. ಅಕ್ಕ ಅದನ್ನು ಮೊಂಡು ಸ್ಕ್ರೂಡ್ರೈವರಿನಿಂದ ಕೆದಕಿ ತೆಗೆದು, ಕೀಲಿಗೆ ಎಮರಿ ಕಾಗದ ಉಜ್ಜಿ, ಇನ್ನೊಂದು ಬುಷ್ ನೀರಿಗೆ ಹಾಕುತ್ತಾರೆ. ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ನಿಲ್ಲುತ್ತಾರೆ. ಬುಷ್ ಕೂರುತ್ತದೆ, ಕ್ಲಿಪ್ ಬೀಳುತ್ತದೆ. ಈ ಸಲ ಲಿವರು ತುಟಿ ಪಿಟಕ್ಕೆನ್ನುವುದಿಲ್ಲ.

ಪರೀಕ್ಷೆಯ ಮೈದಾನದಲ್ಲಿ ಅದೇ ಇನ್‌ಸ್ಪೆಕ್ಟರ್. ಬೆಲ್ಟ್ ಹಾಕಿಕೊಳ್ಳುತ್ತಾ ಕೇಳುತ್ತಾರೆ: "ಅಮ್ಮಾ, ಇವತ್ತು ಗೇರಿನ ಆರೋಗ್ಯ ಹೇಗಿದೆ?"

"ಈಗಷ್ಟೇ ಆಪರೇಷನ್ ಮುಗಿಸಿ ಕರ್ಕೊಂಡು ಬಂದಿದೀನಿ ಸಾರ್."

ತಿರುವು ದಾಟುತ್ತದೆ, ಹಿಂದಕ್ಕೆ ತೆಗೆಯುವುದು ಮುಗಿಯುತ್ತದೆ. ದಿಬ್ಬದ ನಡುವೆ ಕಾರು ನಿಲ್ಲುತ್ತದೆ. ಬೇಲಿಯಾಚೆ ಗಂಡ ಮೇಷ್ಟ್ರ ತೋಳು ಹಿಡಿದು ಕಿವಿ ಮುಂದೆ ಮಾಡಿದ್ದಾರೆ. ಅಕ್ಕನ ಕೈ ಲಿವರಿಗೆ ಹೋಗುತ್ತದೆ. ಹಳೆಯ ಚಾಳಿಯಂತೆ ಎಡಕ್ಕೆ ಅಲುಗಿಸಲು ಹೊರಡುತ್ತದೆ. ಅಳೆಯಲು ಸಡಿಲವೇ ಇಲ್ಲ. ಕೇಳಲು ಏನೂ ಉಳಿದಿಲ್ಲದ ಕೈ ನೆಟ್ಟಗೆ ಮೊದಲನೇ ಗೇರಿಗೆ ಹೋಗುತ್ತದೆ. ಕಾರು ಒಂದಂಗುಲವೂ ಹಿಂದೆ ಸರಿಯದೆ ದಿಬ್ಬವೇರುತ್ತದೆ.

"ಹತ್ತಿದ್ಲು!" ಎಂದು ಗಂಡ ಕೂಗುತ್ತಾರೆ. ಮೇಷ್ಟ್ರು ಬಾಯಿ ತೆರೆಯುವ ಮೊದಲೇ, ಎಂಜಿನ್ನಿನ ದನಿ ಕೇಳಿಯೇ.

ಅಂದು ಆ ಕಾರಿನಲ್ಲಿ ಪರೀಕ್ಷೆಗೆ ಕೂತ ಮೂವರೂ ಪಾಸು. ಅವರಲ್ಲೊಬ್ಬಳಾದ, ಹಿಂದಿನ ಸಲ ಫೇಲಾಗಿ ಅಳುತ್ತಾ ಹೋಗಿದ್ದ ದರ್ಜಿ ಹುಡುಗಿ ಅಕ್ಕನನ್ನು ತಬ್ಬಿಕೊಂಡು, "ಅಕ್ಕಾ, ಗೇರು ತಾನಾಗೇ ಬಿತ್ತು!" ಎನ್ನುತ್ತಾಳೆ. "ತಾನಾಗೇ ಎಲ್ಲಿ ಬೀಳುತ್ತೆ ಮಾರಾಯ್ತಿ, ನೀನೇ ಹಾಕಿದ್ದು," ಎಂದು ಅಕ್ಕ ಗದರುತ್ತಾರೆ.

ಲೈಸೆನ್ಸ್ ಕೈಗೆ ಬಂದ ದಿನ ಗ್ಯಾರೇಜಿನ ಮುಂದೆ ಮುಗಿದ ಕಾರುಗಳು ಎಂದಿನಂತೆ ಸಾಲಾಗಿ ನಿಂತಿವೆ. ಟೈರ್ ಅಂಗಡಿಯವನು ಕೈ ಒರೆಸಿಕೊಳ್ಳುತ್ತಾ ಬಂದು ಕೀಗೆ ಕೈ ಚಾಚುತ್ತಾನೆ. ಅಕ್ಕ ಆ ಕೈಗೆ ಟೀ ಲೋಟ ಕೊಡುತ್ತಾರೆ, ತಂತಿ ಇಲ್ಲದ್ದು. "ನೀನು ಕೂತ್ಕೊಂಡು ಕುಡಿಯಪ್ಪಾ. ಇಷ್ಟು ದಿನ ಓಡಿಸಿದೀಯ."

ಗಂಡ ಬಾನೆಟ್ ಸವರಿಕೊಂಡು ಹೋಗಿ ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ಕಾರು ಬೀದಿಗಿಳಿಯುತ್ತದೆ. ಮೂಲೆಯ ತಿರುವಿನಲ್ಲಿ ಎರಡನೇ ಗೇರು, ಮುಂದೆ ಮೂರು.

"ಹೇಗಿದೆ ಮೇಸ್ತ್ರಿ?" ಎಂದು ಅವರು ಕೇಳುತ್ತಾರೆ.

ಅಕ್ಕನ ಅಂಗೈ ಲಿವರಿನ ಮೇಲೆ ಹಗುರವಾಗಿ ಕೂತಿದೆ.

"ಚೆನ್ನಾಗಿದೆ ರೀ. ಈ ಸಲ ಇದನ್ನ ನಾನೇ ಹೇಳ್ತಿದೀನಿ."